ಸಿಗಡಿ ಹೊಂಡದ ಮಹನೀಯರಿಗೆ ಹಿರಿಯೂರಿನಿಂದ ಒಂದು ಬಹಿರಂಗ ಪತ್ರ

ಹಿರಿಯೂರು

ನಮ್ಮ ಕರಾವಳಿಯ ಅಳಿವೆಗಳಲ್ಲಿ ಕಾಂಡ್ಲಾ ಎಂಬ ಉಪ್ಪುನೀರಿನ ಮರಗಳನ್ನು ಕಡಿಸಿ ಸಿಗಡಿಯ ಹೊಂಡಗಳನ್ನು ತೋಡಿಸಿದವರೂ, ಈಗ ಅದೇ ಹೊಂಡಗಳ ಏರಿಯ ಮೇಲೆ ಕಾಂಡ್ಲಾ ನೆಡುವ ಉತ್ಸವಕ್ಕೆ ಅಧ್ಯಕ್ಷತೆ ವಹಿಸುತ್ತಿರುವವರೂ ಆದ ಮಹನೀಯರಿಗೆ ಸವಿನಯ ವಂದನೆಗಳು.

ವರ್ಷದ ಬಹುಭಾಗ ಮರಳನ್ನೇ ಹರಿಯಿಸುವ ವೇದಾವತಿಯ ದಡದಲ್ಲಿ ಕುಳಿತವನಿಗೆ ಉಪ್ಪುನೀರಿನ ಉಸಾಬರಿ ಏತಕ್ಕೆಂದು ತಾವು ಕೇಳಬಹುದು. ಊರಿನ ಹೆಸರೇ ಹಿರಿಯೂರಾದುದರಿಂದ ಕಿರಿಯರನ್ನು ಹರಸುವ ಅಧಿಕಾರವು ನಮಗೆ ಜನ್ಮತಃ ಪ್ರಾಪ್ತವಾಗಿದೆ. ಅಲ್ಲದೆ ತಾವು ಅಭ್ಯಸಿಸುತ್ತಿರುವ ವಿದ್ಯೆಯಲ್ಲಿ ನಾವು ಎಂದೋ ಪಾರಂಗತರು. ಕೆರೆಯಂಗಳವನ್ನು ಬಳ್ಳಾರಿ ಜಾಲಿಗೆ ಒಪ್ಪಿಸಿ, ನೆರೆಯವನ ಕೊಳವೆಬಾವಿ ಐನೂರು ಅಡಿಯಾದರೆ ನಮ್ಮದು ಏಳುನೂರಾಗಲೆಂದು ಕೊರೆಯಿಸಿ, ಕಡೆಗೆ ಒಣಗುವ ತೆಂಗಿನ ಬುಡಕ್ಕೆ ಟ್ಯಾಂಕರಿನ ನೀರನ್ನು ಕ್ರಯಕ್ಕೆ ತಂದು ಸುರಿದವರು ನಾವಲ್ಲವೆ?

ಕುಮಟೆಯ ಕಡೆಯ ಗಜನಿ ಎಂಬ ಅಳಿವೆಯಂಚಿನ ಗದ್ದೆಗಳ ಪೂರ್ವಿಕರನ್ನು ನೆನೆದರೆ ನನಗೆ ಮರುಕವುಂಟಾಗುತ್ತದೆ. ಉಪ್ಪನ್ನೂ ನೆರೆಯನ್ನೂ ಸಹಿಸುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ತೆನೆಯನ್ನಷ್ಟೇ ಕೊಯ್ದು ಕೂಳೆಯನ್ನು ನೀರಿಗೆ ಬಿಟ್ಟು, ಆಮೇಲೆ ತೂಬಿನ ಬಾಗಿಲನ್ನು ತೆರೆದು, ಭರತದೊಡನೆ, ಎಂದರೆ ಕಡಲಿನ ಉಬ್ಬರದೊಡನೆ, ಬರುವ ಸಿಗಡಿಮರಿಗಳನ್ನು ಅತಿಥಿಗಳಂತೆ ಒಳಗೆ ಕರೆದುಕೊಳ್ಳುತ್ತಿದ್ದರು. ಆ ಕೂಳೆ ಕೊಳೆತು ಸಿಗಡಿಗೆ ಮೇವು. ಹೊರಗೆ ಏರಿಯನ್ನು ಕಾಯಲು ಸಂಬಳವಿಲ್ಲದ ಕಾಂಡ್ಲಾ. ಮೇವಿನ ಲೆಕ್ಕವಿಲ್ಲ, ಔಷಧಿಯ ಚೀಟಿಯಿಲ್ಲ, ಸಾಲದ ಕಾಗದವಿಲ್ಲ. ಇಂಥದನ್ನು ಉದ್ಯಮವೆಂದು ಯಾರು ಕರೆದಾರು?

ತಾವಾದರೋ ಇದನ್ನು ಶಾಸ್ತ್ರೀಯವಾಗಿ ಪರಿಷ್ಕರಿಸಿದಿರಿ. ಒಬ್ಬರು ಹೊರಬಿಟ್ಟ ಕೊಳೆನೀರನ್ನು ಮುಂದಿನ ಭರತದಲ್ಲಿ ಮತ್ತೊಬ್ಬರು ತುಂಬಿಕೊಳ್ಳುವಷ್ಟು ಸೌಹಾರ್ದವನ್ನು ಬೆಳೆಸಿದುದರಿಂದ, 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ಮದುವೆಯ ಕರೆಯೋಲೆಯಂತೆ ಹೊಂಡದಿಂದ ಹೊಂಡಕ್ಕೆ ಸಂಚರಿಸಿತು. ನ್ಯಾಯವೂ ತಮ್ಮೊಡನೆ ಕಡಲಿನಂತೆಯೇ ವರ್ತಿಸಿತು: 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಂಪ್ರದಾಯಿಕ ಪದ್ಧತಿಯವನ್ನು ಬಿಟ್ಟು ಉಳಿದ ಹೊಂಡಗಳನ್ನು ಕರಾವಳಿ ನಿಯಂತ್ರಣ ವಲಯದಿಂದ ತೆಗೆಯಿರೆಂದಾಗ ಇಳಿತ, 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆ ಬಂದಾಗ ಭರತ.

ಕಾಂಡ್ಲಾದ ನಡತೆ ಮಾತ್ರ ಆಕ್ಷೇಪಾರ್ಹವಾದುದು. ಅಘನಾಶಿನಿ ಹೊಳೆಯ ದಂಡೆಯಲ್ಲಿ ಇಳಿತದ ಹೊತ್ತಿಗೆ ನಾನದನ್ನು ಕಂಡೆ. ಬೀಜವು ತಾಯಿಮರದಲ್ಲಿರುವಾಗಲೇ ಮೊಳೆತು, ನಮ್ಮ ಹಿತ್ತಿಲ ನುಗ್ಗೆಕಾಯಿಯಂತೆ ಹಸಿರಾಗಿ ಜೋತುಬಿದ್ದು, ಬಲಿತ ದಿನ ಕಳಚಿ ಭರ್ಜಿಯಂತೆ ಕೆಸರಿನಲ್ಲಿ ನಾಟಿಕೊಳ್ಳುತ್ತದೆ. ಶಂಕುಸ್ಥಾಪನೆಯಿಲ್ಲ, ಭಾಷಣವಿಲ್ಲ, ಸಸಿಯ ಮಗ್ಗುಲಲ್ಲಿ ನಿಂತು ತೆಗೆಸಿಕೊಂಡ ಛಾಯಾಚಿತ್ರವಿಲ್ಲ. ಅದು ಬೇಡುವುದು ಬಂದುಹೋಗುವ ಉಬ್ಬರವಿಳಿತವೊಂದನ್ನೇ. ತಾವು ಏರಿ ಹಾಕಿ ತಡೆದದ್ದೂ ಅದೊಂದನ್ನೇ. ನೀರು ಆಡದ ಕಡೆ ಸಾವಿರ ಸಸಿ ನೆಟ್ಟು ಸಾವಿರ ಕಡ್ಡಿಗಳನ್ನು ಎಣಿಸುವ ಗಣಿತವನ್ನು ನಾವು ವನಮಹೋತ್ಸವಗಳಲ್ಲಿ ಬಹಳ ಕಾಲ ಕಲಿತಿದ್ದೇವೆ, ಬೇಕಾದರೆ ಕಲಿಸಿಕೊಡುತ್ತೇವೆ.

ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗೆ ಸಲ್ಲುವ ರಾಮ್ಸಾರ್ ತಾಣವೆಂಬ ಬಿರುದು ದೊರೆತಮೇಲೆ ತಮ್ಮ ಕಿವಿಯಲ್ಲಿ ಅನೇಕರು ಪಿಸುಗುಟ್ಟಿಯಾರು: ಪಾಳುಬಿದ್ದ ಹೊಂಡದ ಏರಿಯನ್ನು ಒಡೆಯಿರಿ, ಮರಿಗಳನ್ನು ವಿರಳವಾಗಿ ಬಿಡಿರಿ, ಕೊಳೆನೀರನ್ನು ಕಾಂಡ್ಲಾದ ಬೇರುಗಳ ನಡುವೆ ಹಾಯಿಸಿ ಹೊಳೆಗೆ ಸೇರಿಸಿರಿ, ಎಂದು. ಇದರಲ್ಲಿ ಹೊಸತೇನೂ ಇಲ್ಲ. ಗಜನಿಯ ಅಜ್ಜನ ಮಾತೇ ವರದಿಯ ಅಂಗಿ ತೊಟ್ಟು ಬಂದಿದೆ. ಅವಸರಪಡಬೇಡಿರಿ.

ನಮ್ಮ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ತರುವಾಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ 89 ವರ್ಷ ನಾವು ಬಾಗಿಲನ್ನು ತೆರೆದಿಟ್ಟುಕೊಂಡು ನೀರಿಗಾಗಿ ಕಾದೆವು. ತಮ್ಮ ಬಾಗಿಲಿಗೆ ಕಡಲು ದಿನಕ್ಕೆ ಎರಡು ಸಾರಿ ಬಂದು ತಟ್ಟಿ ಹೋಗುತ್ತಿದೆ. ಅಗುಳಿ ಇರುವುದು ಒಳಗಡೆ.

ಇಂತು ತಮ್ಮ ವಿಧೇಯ,
ವೇದಾವತೀ ತೀರದ ಒಬ್ಬ ಅನುಭವಸ್ಥ