ಪಂಚಾವಯವ ಪ್ರಬಂಧ ಮೀಮಾಂಸೆ

ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ವಾದಪ್ರಬಂಧ ಅಮೆರಿಕದಲ್ಲಿ ಹುಟ್ಟಿದ್ದೆಂದು ಪಾಮರರು ನಂಬಿದ್ದಾರೆ. ಶುದ್ಧ ಭ್ರಾಂತಿ. ಐದು ಪ್ಯಾರಾಗಳ ಈ ಕಟ್ಟಡಕ್ಕೆ ಗೌತಮನ ನ್ಯಾಯಸೂತ್ರದಲ್ಲೇ ಪಾಯ ಬಿದ್ದಿದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿದೆಯಲ್ಲ, ಹೊಗೆಯಿದ್ದಲ್ಲಿ ಬೆಂಕಿಯುಂಟು, ಅಡುಗೆಮನೆಯಲ್ಲಿರುವಂತೆ, ಈ ಬೆಟ್ಟವೂ ಹಾಗೇ, ಆದ್ದರಿಂದ ಬೆಂಕಿಯಿದೆ. ಗೌತಮನಿಗೆ 30 ನಿಮಿಷದ ಗಡುವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಪ್ರತಿಜ್ಞೆಯೆಂದರೆ ಒಂದು ಪಕ್ಷ ಹಿಡಿಯುವುದು. "ಎರಡೂ ಕಡೆ ಸರಿ ಬಿಡಿ" ಎನ್ನುವವನು ಬೀಗರ ಜಗಳಕ್ಕೆ ಲಾಯಕ್ಕು, ಪರೀಕ್ಷೆಗಲ್ಲ. ಹಿಡಿದ ಪಕ್ಷದಲ್ಲಿ ನಂಬಿಕೆ ಇರಬೇಕೆಂದೇನಿಲ್ಲ. ಇದ್ದರೆ ತುಸು ತೊಂದರೆಯೇ, ನಂಬಿದವನು ಮೊದಲ ಪ್ಯಾರಾ ದಾಟುವುದಿಲ್ಲ.

ಗಹನವಾದದ್ದು ಉದಾಹರಣೆ. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ವಿಷಯಗಳ ಪಟ್ಟಿಯನ್ನು ಮೊದಲೇ ಪ್ರಕಟಿಸಿಟ್ಟಿರುವುದರಿಂದ ಗಾಂಧೀಜಿ, ಐನ್‌ಸ್ಟೈನ್, ಆ್ಯಪಲ್ ಕಂಪನಿ ಸದಾ ಸನ್ನದ್ಧ. ಶಿಕ್ಷಣಕ್ಕೆ ಸರ್ಕಾರ ದುಡ್ಡು ಕೊಡಬೇಕೆ? ದಂಡಿಯಾತ್ರೆ. ಯಂತ್ರಗಳಿಂದ ಮನುಷ್ಯ ಸೋಮಾರಿಯಾದನೆ? ದಂಡಿಯಾತ್ರೆ, ಬೇರೆ ದಾರಿಯಿಂದ. 1930ರಲ್ಲಿ ಸುಮಾರು 385 ಕಿ.ಮೀ. ನಡೆದ ಮಹಾತ್ಮರು ಬೆಂಗಳೂರಿನ ಕೋಚಿಂಗ್ ಕ್ಲಾಸುಗಳಲ್ಲಿ ಇನ್ನೂ ನಡೆಯುತ್ತಲೇ ಇದ್ದಾರೆ.

ಇನ್ನು ಹೇತು. ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ಬೆಂಕಿಯಿಲ್ಲದೆ ಹೊಗೆಯಾಡೀತೆ? ಧಾರಾಳವಾಗಿ. ಪ್ರಬಂಧವನ್ನು ಒಬ್ಬ ಮನುಷ್ಯನಲ್ಲದೆ ಇ-ರೇಟರ್ ಎಂಬ ಯಂತ್ರವೂ ತೂಗುತ್ತದೆ. ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್‌ಮನ್, ಕೆಲವು ವಿದ್ಯಾರ್ಥಿಗಳ ಜೊತೆ ಸೇರಿ 2014ರಲ್ಲಿ ಬೇಬೆಲ್ ಎಂಬ ತಂತ್ರಾಂಶ ಕಟ್ಟಿದರು. ಒಂದೆರಡು ಪದ ಹಾಕಿದರೆ ಸಾಕು, ತಲೆಬುಡವಿಲ್ಲದ ಪ್ರಬಂಧವೊಂದು ಗಂಭೀರ ಮುಖ ಹೊತ್ತು ಹೊರಬರುತ್ತಿತ್ತು. ಅಂಕ ಹಾಕುವ ಯಂತ್ರಗಳು ಮೆಚ್ಚಿ ಅಂಕ ಸುರಿದವು. ಉದ್ದ ವಾಕ್ಯ, ನಿಘಂಟಿನ ಮೂಲೆಯ ಪದ, ನಡುನಡುವೆ "ಇದಲ್ಲದೆ", "ಆದಾಗ್ಯೂ": ಇಷ್ಟು ಹೊಗೆ ಸಾಕು, ಯಂತ್ರಕ್ಕೆ ಬೆಂಕಿ ಖಾತ್ರಿ. ತಾರ್ಕಿಕರ ಲೆಕ್ಕದಲ್ಲಿ ಇದು ಸವ್ಯಭಿಚಾರ ಹೇತ್ವಾಭಾಸ, ಎಂದರೆ ಬೆಂಕಿಯಿಲ್ಲದಲ್ಲೂ ಸುಳಿಯುವ ಹೊಗೆ. ಕೋಚಿಂಗ್‌ನಲ್ಲಿ ಎರಡನೇ ವಾರದ ಪಾಠ.

ಉಪನಯದ ಜಾಗಕ್ಕೆ ಆಧುನಿಕರು ಎದುರಾಳಿಯನ್ನು ತಂದು ಕೂರಿಸಿದ್ದಾರೆ. ಅವನಿಗೆ ಒಂದು ವಾಕ್ಯ ಮಾತಾಡಲು ಅವಕಾಶವುಂಟು, ಅದೂ ಪೆದ್ದುಪೆದ್ದಾಗಿ. ಎರಡನೆಯ ವಾಕ್ಯಕ್ಕೆ ಬಾಯಿ ಮುಚ್ಚಿಸತಕ್ಕದ್ದು.

ನಿಗಮನವೆಂದರೆ ಪ್ರತಿಜ್ಞೆಯೇ, ಅಂಗಿ ಬದಲಿಸಿದ್ದು. ಇದನ್ನು ಇಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಬರೆಯುವುದು ಸಂಪ್ರದಾಯವಾದ್ದರಿಂದ, "ಆದ್ದರಿಂದ" ಎಂದು ಕುಟ್ಟಿದೊಡನೆ ಪರದೆ ತಾನಾಗಿ ಮುಚ್ಚಿಕೊಂಡರೂ ಶಾಸ್ತ್ರಕ್ಕೆ ಲೋಪವಿಲ್ಲವೆಂದು ಭಾಷ್ಯಕಾರನ (ಎಂದರೆ ನನ್ನ) ಮತ. ಮುಂದಿನದು ಓದುವವನಿಗೂ ಬಾಯಿಪಾಠ.