ಮೊಲದ ಏಕಾದಶಿ

ನಮ್ಮ ಮನೆಯ ಮೊಲ ಏಕಾದಶಿ ಮಾಡುತ್ತದೆ ಎಂದು ಮೊದಲು ಕಂಡುಹಿಡಿದವರು ನಮ್ಮಮ್ಮ. ಬೆಳಿಗ್ಗೆ ಹಾಕಿದ ಕೊತ್ತಂಬರಿ ಸೊಪ್ಪು ಮಧ್ಯಾಹ್ನವಾದರೂ ಹಾಗೇ ಬಾಡಿಕೊಂಡು ಬಿದ್ದಿತ್ತು. ನೀರಿನ ಬಟ್ಟಲು ತುಂಬಿದ್ದು ತುಂಬಿದಂತೆಯೇ ಇತ್ತು. "ನೋಡೋ, ನಿರ್ಜಲ!" ಎಂದರು ಅಮ್ಮ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. "ಹಿಂದಿನ ಜನ್ಮದಲ್ಲಿ ಯಾರೋ ಆಚಾರವಂತರಿರಬೇಕು. ನೀನೂ ಇದ್ದೀಯ, ಬೆಳಿಗ್ಗೆಯಿಂದ ಮೂರು ಸಲ ಅಡುಗೆಮನೆಗೆ ಹೋಗಿಬಂದೆ."

ನಮ್ಮ ಮನೆಯ ಏಕಾದಶಿಯಲ್ಲಿ ಅನ್ನವೊಂದನ್ನು ಬಿಟ್ಟರೆ ಬೇರೇನನ್ನೂ ಬಿಡುವ ಪದ್ಧತಿಯಿಲ್ಲ. ಅವಲಕ್ಕಿ ಉಪ್ಪಿಟ್ಟು, ಸಜ್ಜಿಗೆ, ಬಾಳೆಹಣ್ಣಿನ ರಸಾಯನ, ಸಂಜೆಗೆ ಹಾಲು. ಅವಲಕ್ಕಿ ಅಕ್ಕಿಯದೇ ಅಲ್ಲವೇ ಎಂದು ಕೇಳುವವರಿಗೆ ನಮ್ಮಲ್ಲಿ ಉತ್ತರವಿಲ್ಲ, ತಟ್ಟೆಯಿದೆ. ಮೈ ಸರಿಯಿಲ್ಲದಾಗಲೂ ಅಷ್ಟೇ, ಲಂಘನವೇ ಪರಮೌಷಧ ಎಂದು ಅಮ್ಮ ನಮ್ಮ ಜ್ವರಗಳನ್ನೆಲ್ಲ ಗಂಜಿಯಲ್ಲೇ ಓಡಿಸಿದವರು. ಹೀಗಾಗಿ ಒಂದು ಹೊತ್ತು ಉಣ್ಣದ ಜೀವಿಯನ್ನು ಕಂಡು ಗಾಬರಿಯಾಗುವ ಅಭ್ಯಾಸ ನನಗಿರಲಿಲ್ಲ.

ಊಟ ಬಿಡುವುದಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ಅರ್ಥವೂ ಉಂಟು: ಮುನಿಸು. ಏಳನೇ ಕ್ಲಾಸಿನಲ್ಲಿದ್ದಾಗ ದಸರಾ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಲಿಲ್ಲವೆಂದು ನಾನೂ ಅನ್ನ ಬಿಟ್ಟು ಕೂತಿದ್ದೆ. ಆ ಸತ್ಯಾಗ್ರಹ ಸಂಜೆ ನಾಲ್ಕಕ್ಕೆ ಒಂದು ದಿಲ್ಲಿ ಹಪ್ಪಳದ ಭರವಸೆಯ ಮೇಲೆ ಮುರಿದುಬಿತ್ತು. ಆ ಅನುಭವದ ಬಲದಿಂದ ಯೋಚಿಸಿದೆ. ಹಿಂದಿನ ದಿನವಷ್ಟೇ ಗೂಡನ್ನು ಹಾಲಿನಿಂದ ಹಿತ್ತಿಲ ಬಾಗಿಲಿನ ಬಳಿಗೆ ಸರಿಸಿದ್ದೆ. ಅದಕ್ಕೇ ಕೋಪ. ಒಂದು ಕ್ಯಾರೆಟ್ ತಂದು ಮೂತಿಯ ಮುಂದೆ ಹಿಡಿದು, "ತಪ್ಪಾಯ್ತಪ್ಪ ಗುಂಡ" ಎಂದೆ. ಗುಂಡ ಮುಖ ತಿರುಗಿಸಿತು. ಆ ಕ್ಯಾರೆಟನ್ನು ನಾನೇ ತಿಂದೆ. ಏಕಾದಶಿಗೆ ನಡೆಯುತ್ತದೆ.

ಗುಂಡ ನನ್ನದಲ್ಲ, ಮಗಳದು. ಎಂಜಿನಿಯರಿಂಗಿಗೆಂದು ಹುಬ್ಬಳ್ಳಿಗೆ ಹೋಗುವಾಗ ಹಳೆಯ ಸೈಕಲ್ಲು, ಅರ್ಧ ಮುಗಿದ ಸ್ವೆಟರು ಮತ್ತು ಈ ಮೊಲ, ಮೂರನ್ನೂ ನಮಗೆ ಒಪ್ಪಿಸಿ ಹೋಗಿದ್ದಳು. ಸೈಕಲ್ಲು ಮತ್ತು ಸ್ವೆಟರು ಯಾವತ್ತೂ ತೊಂದರೆ ಕೊಟ್ಟಿಲ್ಲ.

ಸಂಜೆ ಕಸ ಗುಡಿಸುತ್ತಿದ್ದ ಹೆಂಡತಿ ಪೊರಕೆ ಹಿಡಿದುಕೊಂಡೇ ಬಂದು, "ರೀ, ಇವತ್ತು ಒಂದು ಹಿಕ್ಕೆನೂ ಇಲ್ಲ" ಎಂದಳು. ದಿನವೂ ಮೊರದ ತುಂಬ ಕಡಲೆಕಾಳಿನಂಥ ಹಿಕ್ಕೆ ಬಳಿಯುವುದು ನನ್ನ ಪಾಲಿನ ಕೆಲಸವಾದ್ದರಿಂದ ನನಗೆ ಒಳಗೊಳಗೇ ಸಂತೋಷವಾಯಿತು. ಆ ಸಂತೋಷ ಮಗಳಿಗೆ ಫೋನ್ ಮಾಡುವವರೆಗೆ ಮಾತ್ರ. "ಅಪ್ಪಾ! ಮೊಲ ಹತ್ತು ಹನ್ನೆರಡು ಗಂಟೆ ತಿನ್ನದಿದ್ದರೆ ಎಮರ್ಜೆನ್ಸಿ ಅದು. ಅಜ್ಜಿ ಉಪವಾಸ ಅಂದ್ರೆ ನೀನೂ ನಂಬಿಬಿಟ್ಯಾ?"

ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ ಸಲಹೆ ಕೊಟ್ಟರು. ಅವರ ಮೊಮ್ಮಗನ ಗಂಟಲು ನೋವಿಗೆ ತಂದ ಅಮಾಕ್ಸಿಸಿಲಿನ್ ಮಿಕ್ಕಿದೆಯಂತೆ, ಅರ್ಧ ಮಾತ್ರೆ ಅರೆದು ಕುಡಿಸಿದರೆ ಸರಿಹೋಗುತ್ತದಂತೆ. ಪುಣ್ಯಕ್ಕೆ ಮಗಳು ಇನ್ನೂ ಫೋನಿನಲ್ಲಿದ್ದಳು. ಆಮೇಲೆ ಡಾಕ್ಟರೂ ಹೇಳಿದರು: ಮೊಲದ ಹೊಟ್ಟೆಯಲ್ಲಿ ಹುಲ್ಲನ್ನು ಕೊಳೆಸಿ ಜೀರ್ಣಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಆ ಮಾತ್ರೆಗೆ ಸತ್ತು, ಅವುಗಳ ಹಿಂದೆಯೇ ಮೊಲವೂ ಹೋಗಬಹುದಿತ್ತು.

ಮೊದಲು ಹೋದ ಪ್ರಾಣಿಗಳ ಆಸ್ಪತ್ರೆಯಲ್ಲಿ "ನಾಯಿ, ಬೆಕ್ಕು ಮಾತ್ರ" ಎಂದರು. ಇನ್ನೊಂದು ಕಡೆಗೆ ಆಟೋ ಹಿಡಿದೆವು. ತರಕಾರಿ ಬುಟ್ಟಿಯಲ್ಲಿದ್ದ ಗುಂಡನನ್ನು ಕನ್ನಡಿಯಲ್ಲಿ ನೋಡಿ ಆಟೋದವನು ಪ್ರೀತಿಯಿಂದ "ಎಷ್ಟು ಕೆಜಿ ಬರುತ್ತೆ ಸಾರ್?" ಎಂದ. ಎರಡು ಎಂದೆ. ಪ್ರಶ್ನೆಯ ಒಳಾರ್ಥ ಹೊಳೆದದ್ದು ಇನ್ನೊಂದು ಸರ್ಕಲ್ ದಾಟಿದ ಮೇಲೆ.

ದಾರಿಯುದ್ದಕ್ಕೂ ನಾನು "ಬರೀ ಸೆಕೆ ಕಣೆ" ಎನ್ನುತ್ತಿದ್ದೆ, ಹೆಂಡತಿ "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು" ಎನ್ನುತ್ತಿದ್ದಳು. ಈ ಗಾದೆ ಕಟ್ಟಿದವನು ಜನ್ಮದಲ್ಲಿ ಮೊಲ ಹಿಡಿದವನಲ್ಲ. ಹಿಡಿದವನಿಗೆ ಕಾಲು ಮೂರಲ್ಲ, ಹದಿಮೂರು ಎನ್ನಿಸುತ್ತದೆ. ಸ್ನಾನ ಮಾಡಿಸಿದ ಕೂಸಿನ ಹಾಗೆ ಜಾರಿ, ಒದ್ದು, ಅಂಗಿಯ ಗುಂಡಿ ಕಿತ್ತು ಓಡುವ ಪ್ರಾಣಿ ಅದು. ಆದರೆ ಅವತ್ತು ಬುಟ್ಟಿಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರೆ ಒಂದು ಕಾಲನ್ನೂ ಆಡಿಸಲಿಲ್ಲ. ಕಿವಿ ಮುಟ್ಟಿದರೆ ತಣ್ಣಗಿತ್ತು. ಆಮೇಲೆ ನಾನು ಸೆಕೆಯ ಮಾತೆತ್ತಲಿಲ್ಲ.

ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಕೇಳಬೇಕಾದ ಗುಡುಗುಡು ಅಲ್ಲಿರಲಿಲ್ಲ. ಕರುಳಿಗೆ ಏನೂ ಅಡ್ಡ ಕೂತಿಲ್ಲ ಎಂದು ಎಕ್ಸ್‌ರೇಯಲ್ಲಿ ಖಾತ್ರಿ ಮಾಡಿಕೊಂಡು, ನೋವಿಗೊಂದು ಸೂಜಿ ಚುಚ್ಚಿ, ಚರ್ಮದಡಿ ಗ್ಲೂಕೋಸಿನಂಥ ನೀರು ಏರಿಸಿದರು. "ಮೊಲದ ಕರುಳು ರಾಗಿ ಗಿರಣಿ ಇದ್ದಂಗೆ ಸಾರ್. ಮೇಲಿಂದ ಹಾಕ್ತಾ ಇದ್ರೆ ನಡೀತಾ ಇರುತ್ತೆ. ನಿಂತ್ರೆ ಗ್ಯಾಸು, ಗ್ಯಾಸಿಂದ ನೋವು, ನೋವಿಗೆ ಇನ್ನೂ ತಿನ್ನಲ್ಲ. ವಾಂತಿ ಮಾಡೋಕೂ ಇದಕ್ಕೆ ಬರಲ್ಲ. ನೋವನ್ನಂತೂ ತೋರಿಸ್ಕೊಳ್ಳೋದೇ ಇಲ್ಲ. ಕಾಡಲ್ಲಿ ನರಳಿದ್ರೆ ನರಿಗೆ ಕರೆ ಕೊಟ್ಟಂಗೆ ಅಲ್ವಾ?"

ಆಮೇಲೆ ಕಿವಿ ನೋಡುವ ಟಾರ್ಚನ್ನು ಬಾಯೊಳಗೆ ತೂರಿಸಿ, "ಸಿಕ್ತು" ಎಂದರು. ಮೊಲಕ್ಕೆ ಇಪ್ಪತ್ತೆಂಟು ಹಲ್ಲಂತೆ. ಎಲ್ಲವೂ ಸಾಯುವ ತನಕ ಬೆಳೆಯುತ್ತವಂತೆ. ಮುಂದಿನವು ವಾರಕ್ಕೆ ಸುಮಾರು 2 ಮಿಲಿಮೀಟರ್. ಹುಲ್ಲು ಅರೆದರೆ ಮಾತ್ರ ಅಷ್ಟಷ್ಟೇ ಸವೆಯುತ್ತವೆ. ಗುಂಡನ ದವಡೆ ಹಲ್ಲಿನ ಅಂಚು ಮೊನಚಾಗಿ ನಾಲಿಗೆ ಕೊರೆಯುತ್ತಿತ್ತು.

"ಏನು ಹಾಕ್ತೀರಿ ಇದಕ್ಕೆ?"

ನನಗೆ ಪರೀಕ್ಷೆಯ ಹಾಲಿನಲ್ಲಿ ಕೂತಂತಾಯಿತು. ಕ್ಯಾರೆಟ್ಟು, ಸೊಪ್ಪು, ಬೆಳಿಗ್ಗೆ ನನ್ನ ಜೊತೆ ಮಾರಿ ಬಿಸ್ಕೆಟ್ಟು, ರಾತ್ರಿ ಚಪಾತಿ. ಹುಲ್ಲು? ಹುಲ್ಲು ದನಕ್ಕಲ್ಲವೇ? ಊಟದಲ್ಲಿ ಐದರಲ್ಲಿ ನಾಲ್ಕು ಪಾಲು ಒಣಹುಲ್ಲೇ ಇರಬೇಕಂತೆ, ಕ್ಯಾರೆಟ್ ನಮಗೆ ಜಹಾಂಗೀರ್ ಇದ್ದಂತೆ, ಅಪರೂಪಕ್ಕೊಂದು ತುಂಡು. 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿಯ ಕೈಗೆ ಕ್ಯಾರೆಟ್ ಕೊಟ್ಟವರ ಮೇಲೆ ನನಗೆ ಸಿಟ್ಟಿದೆ. ಬಿಸ್ಕೆಟ್ ಕೊಟ್ಟವನ ಹೆಸರು ಎತ್ತುವುದು ಬೇಡ.

"ಇನ್ನೊಂದು ವಿಷಯ ಸಾರ್. ಇದು ಗುಂಡ ಅಲ್ಲ, ಹೆಣ್ಣು." ಹೆಸರು ಬದಲಾಯಿಸುವ ಹೊತ್ತಲ್ಲ ಅದು. ಗುಂಡ ಗುಂಡನಾಗಿಯೇ ಮನೆಗೆ ಬಂದಳು.

ರಾತ್ರಿಯಿಡೀ ನಮಗೆ ಕೆಲಸ. ಡಾಕ್ಟರು ಕೊಟ್ಟ ಹುಲ್ಲಿನ ಪುಡಿಯನ್ನು ಬೆಚ್ಚನೆಯ ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ, ಮುಂದಿನ ಹಲ್ಲಿನ ಪಕ್ಕದ ಸಂದಿನಿಂದ ಚೂರು ಚೂರೇ ಬಿಡಬೇಕು. ನೇರ ಗಂಟಲಿಗೆ ಹಾರಿಸಿದರೆ ಶ್ವಾಸಕ್ಕೆ ಸಿಕ್ಕೀತು. ಟವೆಲಿನಲ್ಲಿ ಸುತ್ತಿ ಹೆಂಡತಿ ಹಿಡಿದುಕೊಂಡಳು, ನಾನು ಉಣಿಸಿದೆ. ಕಾಲುಭಾಗ ಗುಂಡನಿಗೆ, ಮಿಕ್ಕಿದ್ದು ನನ್ನ ಬನಿಯನ್ನಿಗೆ. "ಚಂದಮಾಮ ನೋಡು" ಎಂದು ತುತ್ತಿಡೋಣವೆಂದರೆ ಚಂದ್ರನೊಳಗೂ ಮೊಲವೇ ಇದೆ. ಎರಡು ಗಂಟೆಯ ಸರದಿಗೆ ಅಮ್ಮ ಎದ್ದು ಬಂದು, ಲಂಘನದ ಮಾತೇ ಎತ್ತದೆ, "ಇನ್ನೊಂದು ಗುಟುಕು ಕುಡಿಯೇ ನಮ್ಮವ್ವ" ಎಂದು ಬೆನ್ನು ಸವರಿದರು.

ಬೆಳಗಿನ ಐದಕ್ಕೆ ಟಾರ್ಚು ಬಿಟ್ಟು ನೋಡಿದೆ. ಹಾಸಿದ ಚೀಲದ ಮೇಲೆ ಒಂದು ಹಿಕ್ಕೆ. ಮೆಣಸಿನಕಾಳಿಗಿಂತ ಚಿಕ್ಕದು, ಒಣಕಲು. ಮನೆಮಂದಿಯನ್ನೆಲ್ಲ ಎಬ್ಬಿಸಿದೆ. ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ನಾನು ಹಾಗೆ ಕೂಗಿರಲಿಲ್ಲ.

ಅವತ್ತು ದ್ವಾದಶಿ. ಅಮ್ಮ ಬೇಗ ಮಡಿಯುಟ್ಟು ಪೂಜೆಯ ತಟ್ಟೆಯಲ್ಲಿ ಗರಿಕೆ ಜೋಡಿಸಿಟ್ಟಿದ್ದರು. ಸೂಜಿಯ ಗುಣವೋ ಏನೋ, ಗುಂಡ ಕತ್ತು ಚಾಚಿ ಗಣಪತಿಯ ಪಾಲಿನಿಂದ ಒಂದು ಎಸಳನ್ನು ಎಳೆದು ಕರಕರ ಎನ್ನಿಸಿತು. ಅಮ್ಮ ಬೈಯುತ್ತಾರೆಂದುಕೊಂಡೆ. "ಪಾರಣೆ ಹೊತ್ತಿಗೆ ಸರಿಯಾಗಿ!" ಎಂದರು.

ಮೂರು ದಿನ ಬಿಟ್ಟು ಅರಿವಳಿಕೆ ಕೊಡಿಸಿ ಹಲ್ಲಿನ ಮೊನಚು ಉಜ್ಜಿಸಿದೆವು. ನನ್ನ ಹರ್ನಿಯಾ ಆಪರೇಷನ್ನಿಗೆ ಹಿಂದಿನ ರಾತ್ರಿಯಿಂದ ಒಂದು ಗುಟುಕು ಕಾಫಿ ಕೊಡದೆ ಕೂರಿಸಿದ್ದರು. ಮೊಲಕ್ಕೆ ಆ ಕಟ್ಟಳೆಯಿಲ್ಲ, ವಾಂತಿಯ ಭಯವೇ ಇಲ್ಲವಲ್ಲ. ಹೊರಡುವ ತನಕ ಹುಲ್ಲು ತಿನ್ನಿಸಿಯೇ ಕರೆತನ್ನಿ ಎಂದರು. ಈಗ ಬೀದಿ ಕೊನೆಯ ಹಾಲಿನವರಿಂದ ವಾರಕ್ಕೊಂದು ಹೊರೆ ಒಣಹುಲ್ಲು ಬರುತ್ತದೆ. ಹಿಕ್ಕೆ ಮೊದಲಿನಂತೆ ಮೊರದ ತುಂಬ.

ಒಂದು ಗುಟ್ಟು ಮಾತ್ರ ಉಳಿದಿದೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮೆತ್ತಗಿನದನ್ನು, ಸಾಮಾನ್ಯವಾಗಿ ಯಾರೂ ಏಳದ ಹೊತ್ತಿನಲ್ಲಿ, ತಲೆ ಬಗ್ಗಿಸಿ ಬುಡದಿಂದಲೇ ತಿಂದುಬಿಡುತ್ತದೆ. ಮೊದಲ ಸಲಕ್ಕೆ ದಕ್ಕದ ಸತ್ವವೆಲ್ಲ ಎರಡನೆಯ ಸಲಕ್ಕೆ ದಕ್ಕುತ್ತದಂತೆ. ಬೆಳಗಿನ ಜಾವ ಗುಂಡ ಹಾಗೆ ತಲೆ ಬಗ್ಗಿಸುವುದನ್ನು ಅಮ್ಮ ದಿನವೂ ನೋಡುತ್ತಾರೆ, ಸೂರ್ಯನಿಗೆ ನಮಸ್ಕಾರ ಮಾಡುತ್ತಿದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ನೀವು ನಮ್ಮ ಮನೆಗೆ ಬಂದಾಗ ನಿಮಗೂ ಹೇಳುತ್ತಾರೆ. ದಯವಿಟ್ಟು "ಹೌದಾ ಅಮ್ಮಾ" ಎಂದು ಕಾಫಿ ಕುಡಿಯಿರಿ.