ಹಸಿ ತಪ್ಪಲು, ಮಂಡ್ಯದ ಅಳಿಯ

ನಮ್ಮ ಮಂಡ್ಯದ ಕಡೆ ಸೊಪ್ಪನ್ನು ಹಸಿಯಾಗಿ ತಿನ್ನುವ ಹಕ್ಕು ಮೇಕೆಗೆ ಮಾತ್ರ. ಮನುಷ್ಯರ ತಟ್ಟೆಗೆ ಬರಬೇಕಾದರೆ ಅದು ಬೇಯಬೇಕು, ಬಸಿಯಬೇಕು, ಮಸೆಯಬೇಕು. ಬಸ್ಸಾರಾಗಲಿ, ಮಸ್ಸೊಪ್ಪಾಗಲಿ, ಎಲೆಯ ಗುರುತು ಸಿಕ್ಕಿತೆಂದರೆ ಅಡುಗೆ ಅರ್ಧಕ್ಕೇ ನಿಂತಿದೆ ಅಂತಲೇ ಲೆಕ್ಕ.

ಹೀಗೆ ಬೆಳೆದವನನ್ನು ಧಾರವಾಡದ ಮಾವನ ಮನೆಯಲ್ಲಿ ಊಟಕ್ಕೆ ಕೂರಿಸಿದರು. ಜೋಳದ ರೊಟ್ಟಿ, ಎಣಗಾಯಿ, ಗುರೆಳ್ಳ ಹಿಂಡಿ; ಪಕ್ಕದಲ್ಲೇ ತೊಳೆದಿಟ್ಟ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಹಕ್ಕರಿಕೆ. ಒಲೆಗೆ ಹೊರಟದ್ದು ದಾರಿ ತಪ್ಪಿ ತಟ್ಟೆಗೆ ಬಂದಿರಬೇಕೆಂದು ನಾನು ಮರ್ಯಾದೆಯಿಂದ ಬದಿಗೆ ಸರಿಸಿದೆ.

“ಯಾಕ್ರೀ ಅಳಿಯಾರ, ಹಲ್ಲು ಗಟ್ಟಿ ಇಲ್ಲೇನು?” ಅಂದರು ಅತ್ತೆ.

ಹೊಸ ಅಳಿಯನಿಗೆ ಇದಕ್ಕಿರುವುದು ಒಂದೇ ಉತ್ತರ. ಅಗಿದೆ. ನನ್ನ ಮುಖ ನೋಡಿ ಕನಿಕರಪಟ್ಟು ಅತ್ತೆ ಮೆಂತ್ಯವನ್ನು ಪಚಡಿಗೆ ತಿರುಗಿಸಿದರು. ನೀರು ಬಸಿದು ಆರಿದ ಎಳೆ ಸೊಪ್ಪು ಈಳಿಗೆಯ ಮೇಲೆ ಸಣ್ಣಗಾಯಿತು. ಅದರ ಮೇಲೆ ಉಳ್ಳಾಗಡ್ಡಿ, ಸವತಿಕಾಯಿ, ಹುರಿದು ಕುಟ್ಟಿದ ಶೇಂಗಾ, ಕೆಂಪು ಖಾರ, ಚೂರು ಬೆಲ್ಲ, ಧಾರಾಳವಾಗಿ ಹಸಿ ಎಣ್ಣೆ. ಉಪ್ಪು ಮಾತ್ರ ಎಲ್ಲರೂ ಕೂತ ಮೇಲೆ. ಮೊದಲೇ ಬಿದ್ದರೆ ಸೊಪ್ಪು ನೀರು ಬಿಟ್ಟು ಸೋತು ಕೂರುತ್ತದಂತೆ. ಕಹಿ ಎಲ್ಲೂ ಹೋಗಿರಲಿಲ್ಲ. ಶೇಂಗಾದ ಬೆನ್ನ ಹಿಂದೆ ನಿಂತು ಆಗಾಗ ಇಣುಕುತ್ತಿತ್ತು, ಅಷ್ಟೆ. ಮೂರನೇ ರೊಟ್ಟಿ ನಾನೇ ಕೇಳಿದೆ.

ಮಾವ ಇನ್ನೂ ಮುಂದೆ. ಹಿಂಗಾರಿನ ಕಡಲೆ ಹೊಲದಲ್ಲಿ ನಡೆಯುತ್ತಲೇ ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡರು. ಕಡಲೆ ಎಲೆಯ ರೋಮಗಳು ತಾವೇ ಆಮ್ಲ ಒಸರುವುದರಿಂದ ಲಿಂಬೆಯ ಖರ್ಚೂ ಇಲ್ಲ. “ಚಿವುಟಿದಷ್ಟೂ ಟೊಂಗಿ ಒಡಿತಾವ್ರೀ,” ಎಂದರು. ತಿನ್ನುವುದನ್ನೇ ಬೇಸಾಯವೆಂದು ಕರೆಯುವ ಈ ಜಾಣತನ ನಮ್ಮ ಕಬ್ಬಿನ ಗದ್ದೆಯಲ್ಲಿ ನನಗೆ ಹೊಳೆದಿರಲಿಲ್ಲ.

ಈಗ ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಎರಡು ಪಕ್ಷ. “ಕುದಿಸಿದ್ರ ಸಿ ಜೀವಸತ್ವ ಹೋಗ್ತದ್ರೀ ಅತ್ತಿ,” ಎನ್ನುತ್ತಾಳೆ ಹೆಂಡತಿ. “ಬಸ್ದ ನೀರ್ನೇ ಸಾರು ಮಾಡ್ಕೊಂಡು ಉಣ್ತೀವಲ್ಲವ್ವ, ಇನ್ನೆಲ್ಲಿಗೋಯ್ತದೆ?” ಎನ್ನುತ್ತಾಳೆ ನನ್ನಮ್ಮ. ಕೊನೆಗೆ ಒಪ್ಪಂದವಾಗಿದೆ: ಎಳೆ ಎಲೆ ಪಚಡಿಗೆ, ಬಲಿತದ್ದು ಬಸ್ಸಾರಿಗೆ. ಹಾಗಾಗಿ ಪ್ರತಿ ಕಟ್ಟನ್ನೂ ಎಲೆ ಎಲೆಯಾಗಿ ಪರೀಕ್ಷಿಸಿ ಎರಡು ಪಾಲು ಮಾಡಬೇಕು. ಆ ಕೆಲಸ ನನ್ನದು ಎಂಬ ವಿಷಯದಲ್ಲಿ ಮಾತ್ರ ಅತ್ತೆ ಸೊಸೆಯರಿಗೆ ಭಿನ್ನಾಭಿಪ್ರಾಯ ಬಂದದ್ದೇ ಇಲ್ಲ.